ಮೌಸ್ ಮುಟ್ಟದೆ ಕಂಪ್ಯೂಟರ್: ಸ್ಕ್ರೀನ್ ರೀಡರ್ ಜೊತೆಗೆ ನಮ್ಮದೇ ಶಾರ್ಟ್‌ಕಟ್‌ಗಳು

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಹೇಗೆ? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಅವರಿಗೆಂದೇ ತಯಾರಿಸಿದ ಬೇರೆ ಕಂಪ್ಯೂಟರ್ ಇರುತ್ತದೆ ಎನ್ನುವುದು ಒಂದು. ಕೀಲಿಮಣೆಯ ಮೇಲೆ ಬ್ರೈಲ್ ಚುಕ್ಕಿಗಳಿರುತ್ತವೆ ಎನ್ನುವುದು ಇನ್ನೊಂದು. ಬಾಯಲ್ಲಿ ಹೇಳಿದರೆ ಕಂಪ್ಯೂಟರ್ ಕೇಳುತ್ತದೆ ಎನ್ನುವುದು ಮೂರನೆಯದು. ಈ ಮೂರೂ ಅಲ್ಲಲ್ಲಿ ಬಳಕೆಯಲ್ಲಿರುವುದು ನಿಜ, ಆದರೆ ಯಾವುದೂ ಕಡ್ಡಾಯವಲ್ಲ. ನೀವು ಬಳಸುವ ಸಾಧಾರಣ ಲ್ಯಾಪ್‌ಟಾಪೇ ಸಾಕು. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬು ಇರುವುದನ್ನು ಬೆರಳಾಡಿಸಿ ನೋಡಿ. ಎರಡು ತೋರುಬೆರಳು ಅಲ್ಲಿ ಕುಳಿತರೆ ಉಳಿದ ಕೀಲಿಗಳು ಎಲ್ಲಿವೆ ಎಂಬುದು ಕೈಗೆ ತಾನಾಗಿ ಗೊತ್ತಾಗುತ್ತದೆ. ಟೈಪಿಂಗ್ ಕಲಿತವರು ಯಾರೂ ಕೀಲಿಮಣೆ ನೋಡುತ್ತಾ ಕೂರುವುದಿಲ್ಲ, ಅಲ್ಲವೇ?

ಪರದೆಯ ಮೇಲೆ ಏನಿದೆ ಎಂದು ತಿಳಿಸುವ ಕೆಲಸವನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಮಾಡುತ್ತದೆ. ಅದು ಪರದೆಯ ಪಠ್ಯ, ಬಟನ್, ಮೆನು, ಕೊಂಡಿ ಎಲ್ಲವನ್ನೂ ಧ್ವನಿಯಲ್ಲಿ ಓದಿ ಹೇಳುತ್ತದೆ. ಬ್ರೈಲ್ ಡಿಸ್‌ಪ್ಲೇ ಜೋಡಿಸಿದ್ದರೆ ಬೆರಳಿಗೂ ತಿಳಿಸುತ್ತದೆ. ಓಡಾಟವೆಲ್ಲ ಕೀಲಿಮಣೆಯಿಂದಲೇ. ಹಾಗಾಗಿ ಸ್ಕ್ರೀನ್ ರೀಡರ್ ಬಳಸುವವರಿಗೆ ಶಾರ್ಟ್‌ಕಟ್ ಎಂದರೆ ಸಮಯ ಉಳಿಸುವ ಜಾಣತನ ಮಾತ್ರವಲ್ಲ, ಅದೇ ಅವರ ದಾರಿ. ಆ ದಾರಿಯನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದೇ? ಖಂಡಿತ ಬದಲಿಸಿಕೊಳ್ಳಬಹುದು. ಹೇಗೆ, ಎಷ್ಟರಮಟ್ಟಿಗೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಕಣ್ಣು ಒಟ್ಟಿಗೆ ನೋಡುತ್ತದೆ, ಕಿವಿ ಒಂದೊಂದಾಗಿ ಕೇಳುತ್ತದೆ

ಒಂದು ಸುದ್ದಿ ತಾಣವನ್ನು ತೆರೆದಾಗ ಕಣ್ಣಿರುವವರು ಏನು ಮಾಡುತ್ತಾರೆ? ಮೇಲಿನ ಮೆನು, ಪಕ್ಕದ ಜಾಹೀರಾತು, ಕೆಳಗಿನ ವಿಳಾಸ ಎಲ್ಲವನ್ನೂ ಅರೆಕ್ಷಣದಲ್ಲಿ ದಾಟಿ ನೇರವಾಗಿ ಸುದ್ದಿಯ ತಲೆಬರಹಕ್ಕೆ ಹೋಗುತ್ತಾರೆ. ಬೇಡವಾದದ್ದನ್ನು ಬಿಟ್ಟುಬಿಡುವ ಕೆಲಸ ಕಣ್ಣಿಗೆ ಸಲೀಸು. ಕಿವಿಗೆ ಆ ಅನುಕೂಲವಿಲ್ಲ. ಧ್ವನಿ ಒಂದಾದ ಮೇಲೊಂದರಂತೆ ಬರುತ್ತದೆ. ಹತ್ತನೆಯ ಪದ ಬೇಕಾದರೂ ಮೊದಲಿನ ಒಂಬತ್ತು ಪದಗಳು ಮುಗಿಯಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಪುಟದ ಮೇಲ್ಭಾಗದಲ್ಲಿ 60 ಕೊಂಡಿಗಳಿವೆ ಎಂದುಕೊಳ್ಳಿ. ಟ್ಯಾಬ್ ಕೀಲಿ ಒತ್ತುತ್ತಾ ಒಂದೊಂದನ್ನೂ ದಾಟಲು ಒಂದು ಸೆಕೆಂಡ್ ಸಾಕು ಎಂದಿಟ್ಟುಕೊಂಡರೂ ಸುದ್ದಿಗೆ ತಲುಪುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ. ಇಂಥ ಹತ್ತು ಪುಟ ತೆರೆದರೆ ಹತ್ತು ನಿಮಿಷ ಬರೀ ದಾರಿಗೇ ಹೋಯಿತು. ಅದೇ ಜಾಗದಲ್ಲಿ ಎಚ್ ಎಂಬ ಒಂದು ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ ಜಿಗಿಯಬಹುದು. ಸ್ಕ್ರೀನ್ ರೀಡರ್ ಬಳಕೆದಾರರನ್ನು ಕುರಿತು ವೆಬ್‌ಏಮ್ ಸಂಸ್ಥೆ ಹಲವು ವರ್ಷಗಳಿಂದ ನಡೆಸುತ್ತಿರುವ ಸಮೀಕ್ಷೆಗಳಲ್ಲೂ ಇದೇ ಕಾಣುತ್ತದೆ. ದೊಡ್ಡ ಪುಟದಲ್ಲಿ ಬೇಕಾದ ಮಾಹಿತಿ ಹುಡುಕಲು ಹೆಚ್ಚಿನವರು ಮೊದಲು ಹಿಡಿಯುವ ದಾರಿ ತಲೆಬರಹಗಳದ್ದೇ.

ಇಲ್ಲಿ ಉಳಿಯುವುದು ಸಮಯ ಮಾತ್ರವಲ್ಲ. ಬ್ಯಾಂಕಿನ ಪುಟದಲ್ಲಿ ಒಟಿಪಿ ಹಾಕಲು ಕೆಲವೇ ನಿಮಿಷದ ಅವಧಿ ಇರುತ್ತದೆ. ಅರ್ಜಿ ತುಂಬುವಾಗ ಹೆಚ್ಚು ಹೊತ್ತು ಸುಮ್ಮನಿದ್ದರೆ ಪುಟ ತಾನಾಗಿ ಹೊರಹಾಕುತ್ತದೆ. ಬೇಕಾದ ಪೆಟ್ಟಿಗೆಗೆ ಸಕಾಲದಲ್ಲಿ ತಲುಪಲು ಆಗದಿದ್ದರೆ ಏನಾಗುತ್ತದೆ? ಪಕ್ಕದವರನ್ನು ಕರೆದು ಪಾಸ್‌ವರ್ಡ್ ಹೇಳಬೇಕಾಗುತ್ತದೆ. ತನ್ನ ಖಾತೆಯಲ್ಲಿ ಎಷ್ಟು ಹಣವಿದೆ, ಯಾರಿಗೆ ಎಷ್ಟು ಕಳಿಸಿದೆ ಎಂಬುದು ಇನ್ನೊಬ್ಬರಿಗೆ ತಿಳಿಯುತ್ತದೆ. ಕೆಲಸದ ಜಾಗದಲ್ಲಾದರೆ "ಇವರಿಗೆ ಕಂಪ್ಯೂಟರ್ ಕೆಲಸ ನಿಧಾನ" ಎಂಬ ಮಾತು ಹುಟ್ಟುತ್ತದೆ. ನಿಧಾನವಾಗಿರುವುದು ಮನುಷ್ಯರಲ್ಲ, ಅವರಿಗೆ ಸಿಕ್ಕಿರುವ ದಾರಿ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಯಾವ ಸ್ಕ್ರೀನ್ ರೀಡರ್?

ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದು ಜಾಸ್. ಮೋಟರ್‌ಸೈಕಲ್ ರೇಸರ್ ಆಗಿದ್ದ ಅಮೆರಿಕದ ಟೆಡ್ ಹೆಂಟರ್ 1978ರಲ್ಲಿ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ಆಮೇಲೆ ಅವರು ಕಟ್ಟಿದ ಕಂಪನಿಯಿಂದ 1989ರಲ್ಲಿ ಡಾಸ್ ಕಾಲದ ಜಾಸ್ ಹೊರಬಂತು. ಇದು ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶ.

ಇನ್ನೊಂದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಬರೆಯಲು ಆರಂಭಿಸಿದರು. ಜೇಮ್ಸ್ ಟೆ ಅವರ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರೇ. ಕಣ್ಣಿರುವವರಿಗೆ ಉಚಿತವಾಗಿ ಸಿಗುವ ಪರದೆಯ ಮಾಹಿತಿಗೆ ಕಣ್ಣಿಲ್ಲದವರು ಮಾತ್ರ ಯಾಕೆ ಬೇರೆ ಹಣ ಕೊಡಬೇಕು ಎಂಬುದು ಇದರ ಹಿಂದಿನ ಪ್ರಶ್ನೆ. ಎನ್‌ವಿಡಿಎ ಉಚಿತ, ಅದರ ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಇದರೊಂದಿಗೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಹಾಗಾಗಿ ಈ ಬರಹದ ಉದಾಹರಣೆಗಳನ್ನು ಹೆಚ್ಚಾಗಿ ಎನ್‌ವಿಡಿಎಯಿಂದಲೇ ಕೊಡುತ್ತೇವೆ.

ಇವಲ್ಲದೆ ವಿಂಡೋಸ್‌ನಲ್ಲೇ ನರೇಟರ್ ಇದೆ, ಆಪಲ್ ಮ್ಯಾಕ್‌ನಲ್ಲಿ ವಾಯ್ಸ್‌ಓವರ್, ಲಿನಕ್ಸ್‌ನಲ್ಲಿ ಓರ್ಕಾ. ಶಾರ್ಟ್‌ಕಟ್ ಬದಲಿಸುವ ಜಾಗಕ್ಕೆ ಜಾಸ್‌ನಲ್ಲಿ ಕೀಬೋರ್ಡ್ ಮ್ಯಾನೇಜರ್ ಎಂದೂ, ವಾಯ್ಸ್‌ಓವರ್‌ನಲ್ಲಿ ಕೀಬೋರ್ಡ್ ಕಮಾಂಡರ್ ಎಂದೂ ಹೆಸರು. ಓರ್ಕಾದಲ್ಲಿ ಅದರ ಪ್ರಿಫರೆನ್ಸಸ್ ಒಳಗೆ ಕೀ ಬೈಂಡಿಂಗ್ಸ್ ಎಂಬ ಪುಟವಿದೆ. ಹೆಸರು ಬೇರೆಯಾದರೂ ತತ್ವ ಒಂದೇ.

ಒತ್ತಿದ ಕೀಲಿ ಎಲ್ಲಿಗೆ ಹೋಗುತ್ತದೆ?

ಹೊಸ ಶಾರ್ಟ್‌ಕಟ್ ಮಾಡುವ ಮೊದಲು ಒಂದು ವಿಷಯ ತಿಳಿದಿರಬೇಕು. ನಾವು ಒತ್ತಿದ ಕೀಲಿಗೆ ಕಾಯುವವರು ಒಬ್ಬರಲ್ಲ, ಹಲವರು.

ಸಾಮಾನ್ಯವಾಗಿ ಕೀಲಿ ಮೊದಲು ಸ್ಕ್ರೀನ್ ರೀಡರ್ ಕೈಗೆ ಸಿಗುತ್ತದೆ. "ಇದು ನನಗಾಗಿಯೇ?" ಎಂದು ಅದು ನೋಡುತ್ತದೆ. ಹೌದಾದರೆ ಅಲ್ಲೇ ಇಟ್ಟುಕೊಳ್ಳುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಅಲ್ಲವಾದರೆ ವಿಂಡೋಸ್ ನೋಡುತ್ತದೆ. ಅದಕ್ಕೂ ಬೇಡವಾದರೆ ವರ್ಡ್, ಕ್ರೋಮ್‌ನಂತಹ ತಂತ್ರಾಂಶಕ್ಕೆ ಹೋಗುತ್ತದೆ. ಬ್ರೌಸರ್ ಆಗಿದ್ದರೆ ಅದರೊಳಗೆ ತೆರೆದಿರುವ ಜಾಲತಾಣವೂ ಒಂದು ಪಾಲುದಾರ. ಬಸ್ಸು ಹೊರಟ ಮೇಲೆ ದಾರಿಯಲ್ಲಿ ಒಂದೊಂದೇ ನಿಲ್ದಾಣ ಸಿಕ್ಕ ಹಾಗೆ. ಮೊದಲ ನಿಲ್ದಾಣದಲ್ಲೇ ಇಳಿದವರು ಕೊನೆಯ ನಿಲ್ದಾಣ ತಲುಪುವುದಿಲ್ಲ.

ಹಲವು ಗೊಂದಲಗಳಿಗೆ ಇದೇ ಕಾರಣ. ಜಿಮೇಲ್‌ನಲ್ಲಿ ಒಂದೇ ಅಕ್ಷರದ ಶಾರ್ಟ್‌ಕಟ್‌ಗಳಿವೆ. ಮೇಲ್‌ಗಳ ನಡುವೆ ಓಡಾಡಲು ಜೆ ಮತ್ತು ಕೆ ಒತ್ತಬಹುದು. ಆದರೆ ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ಕೆ ಎಂದರೆ ಮುಂದಿನ ಕೊಂಡಿ. ಹಾಗಾಗಿ ಕೆ ಒತ್ತಿದಾಗ ಅದು ಜಿಮೇಲ್‌ಗೆ ತಲುಪುವುದೇ ಇಲ್ಲ. ಇಂಥ ಕಡೆ ಎರಡು ದಾರಿಗಳಿವೆ. ಎನ್‌ವಿಡಿಎ ಕೀಲಿಯ ಜೊತೆ ಸ್ಪೇಸ್ ಒತ್ತಿ ಫೋಕಸ್ ಮೋಡ್‌ಗೆ ಬದಲಾಗುವುದು ಒಂದು. ಎನ್‌ವಿಡಿಎ ಕೀಲಿಯ ಜೊತೆ ಎಫ್2 ಒತ್ತುವುದು ಇನ್ನೊಂದು. ಹಾಗೆ ಮಾಡಿದರೆ ಅದರ ನಂತರದ ಕೀಲಿಯನ್ನು ಎನ್‌ವಿಡಿಎ ಮುಟ್ಟದೆ ಮುಂದಕ್ಕೆ ಬಿಡುತ್ತದೆ.

ಈ "ಎನ್‌ವಿಡಿಎ ಕೀಲಿ" ಎಂದರೆ ಯಾವುದು? ಅದು ಇನ್ಸರ್ಟ್ ಕೀಲಿ. ಬೇಕಾದರೆ ಕ್ಯಾಪ್ಸ್ ಲಾಕ್ ಅನ್ನೂ ಇದಕ್ಕಾಗಿ ಆರಿಸಿಕೊಳ್ಳಬಹುದು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಕೀಲಿ ಮೂಲೆಯಲ್ಲಿರುತ್ತದೆ ಅಥವಾ ಎಫ್‌ಎನ್ ಜೊತೆ ಒತ್ತಬೇಕಾಗುತ್ತದೆ. ಅಂಥವರಿಗೆ ಕ್ಯಾಪ್ಸ್ ಲಾಕ್ ಬಹಳ ಅನುಕೂಲ. ಕ್ಯಾಪ್ಸ್ ಲಾಕ್‌ನ ಹಳೆಯ ಕೆಲಸವೇ ಬೇಕಾದಾಗ ಬೇಗಬೇಗ ಎರಡು ಸಲ ಒತ್ತಿದರಾಯಿತು. ನಮಗೆ ಬೇಕಾದಂತೆ ಮಾಡಿಕೊಳ್ಳಬಹುದಾದ ಮೊದಲ ಬದಲಾವಣೆ ಇದೇ.

ಹೊಸದು ಮಾಡುವ ಮೊದಲು ಇರುವುದನ್ನು ತಿಳಿಯಿರಿ

ಶಾರ್ಟ್‌ಕಟ್ ಇಲ್ಲ ಎಂದು ನಾವು ಅಂದುಕೊಂಡಿರುವ ಎಷ್ಟೋ ಕೆಲಸಗಳಿಗೆ ಅದು ಈಗಾಗಲೇ ಇರುತ್ತದೆ. ಎನ್‌ವಿಡಿಎ ಕೀಲಿಯ ಜೊತೆ 1 ಒತ್ತಿದರೆ ಇನ್‌ಪುಟ್ ಹೆಲ್ಪ್ ಆರಂಭವಾಗುತ್ತದೆ. ಆಮೇಲೆ ಯಾವ ಕೀಲಿ ಒತ್ತಿದರೂ ಆ ಕೆಲಸ ನಡೆಯುವುದಿಲ್ಲ, ಅದೇನು ಮಾಡುತ್ತದೆ ಎಂಬ ವಿವರಣೆ ಮಾತ್ರ ಕೇಳಿಸುತ್ತದೆ. ಏನಾದರೂ ಕೆಟ್ಟೀತು ಎಂಬ ಹೆದರಿಕೆಯಿಲ್ಲದೆ ಕೀಲಿಮಣೆಯನ್ನೆಲ್ಲ ಸುತ್ತಿ ಬರಬಹುದು. ಮತ್ತೆ ಅದೇ ಕೀಲಿಗಳನ್ನು ಒತ್ತಿದರೆ ಮಾಮೂಲು ಸ್ಥಿತಿಗೆ ಮರಳುತ್ತದೆ.

ಬ್ರೌಸ್ ಮೋಡ್‌ನ ಒಂದಕ್ಷರದ ಕೀಲಿಗಳನ್ನು ಮೊದಲು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

- ಎಚ್ ಒತ್ತಿದರೆ ಮುಂದಿನ ತಲೆಬರಹ. 1ರಿಂದ 6ರವರೆಗಿನ ಅಂಕಿಗಳು ಆಯಾ ಹಂತದ ತಲೆಬರಹಗಳಿಗೆ.
- ಕೆ ಕೊಂಡಿಗೆ, ಬಿ ಬಟನ್‌ಗೆ, ಇ ಬರೆಯುವ ಪೆಟ್ಟಿಗೆಗೆ.
- ಎಫ್ ಅರ್ಜಿಯ ಯಾವುದೇ ಪೆಟ್ಟಿಗೆ ಅಥವಾ ಬಟನ್‌ಗೆ, ಎಕ್ಸ್ ಚೆಕ್‌ಬಾಕ್ಸ್‌ಗೆ.
- ಟಿ ಕೋಷ್ಟಕಕ್ಕೆ, ಎಲ್ ಪಟ್ಟಿಗೆ, ಜಿ ಚಿತ್ರಕ್ಕೆ.
- ಡಿ ಪುಟದ ಮುಖ್ಯ ಭಾಗಗಳಿಗೆ.

ಇದರ ಜೊತೆ ಶಿಫ್ಟ್ ಹಿಡಿದರೆ ಹಿಂದಕ್ಕೆ ಹೋಗಬಹುದು. ಎನ್‌ವಿಡಿಎ ಕೀಲಿಯ ಜೊತೆ ಎಫ್7 ಒತ್ತಿದರೆ ಪುಟದ ಕೊಂಡಿಗಳು, ತಲೆಬರಹಗಳು ಎಲ್ಲ ಪಟ್ಟಿಯಾಗಿ ಬರುತ್ತವೆ. ಒಟಿಪಿ ಪೆಟ್ಟಿಗೆಯನ್ನು ಟ್ಯಾಬ್ ಒತ್ತುತ್ತಾ ಹುಡುಕುವುದಕ್ಕೂ ಇ ಒತ್ತಿ ನೇರವಾಗಿ ತಲುಪುವುದಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ಅನುಭವಿಸಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಕೆಲವು ಜಾಲತಾಣಗಳೂ ತಮ್ಮದೇ ಕೀಲಿಗಳನ್ನು ಇಟ್ಟಿರುತ್ತವೆ. ಕನ್ನಡ ವಿಕಿಪೀಡಿಯದಲ್ಲಿ ಆಲ್ಟ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿದರೆ ಹುಡುಕುವ ಪೆಟ್ಟಿಗೆಗೆ ಹೋಗುತ್ತೇವೆ. ವಿಂಡೋಸ್‌ನ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದು ಕೆಲಸ ಮಾಡುತ್ತದೆ.

ಇನ್ನೊಂದು ಉಪಯುಕ್ತ ಕೀಲಿ ಇದೆ. ಎನ್‌ವಿಡಿಎ, ಕಂಟ್ರೋಲ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಧ್ವನಿ ಮಾತ್ರ ಬರುತ್ತಿರುತ್ತದೆ. ಬ್ಯಾಂಕ್ ಕೆಲಸ ಮಾಡುವಾಗ ಹಿಂದೆ ನಿಂತವರು ಪರದೆ ನೋಡುತ್ತಿದ್ದಾರೆಯೇ ಎಂದು ಕಣ್ಣಿಲ್ಲದವರಿಗೆ ತಿಳಿಯುವುದು ಹೇಗೆ? ಹಾಡ್‌ಫೋನ್ ಹಾಕಿಕೊಂಡು ಈ ಪರದೆ ಎಳೆದುಕೊಂಡರೆ ಆ ಚಿಂತೆ ಇರುವುದಿಲ್ಲ.

ಮೊದಲ ಪ್ರಯೋಗ: ತಂತ್ರಾಂಶ ತೆರೆಯಲು ಒಂದು ಕೀಲಿ

ಇದಕ್ಕೆ ಸ್ಕ್ರೀನ್ ರೀಡರ್‌ನ ನೆರವೂ ಬೇಕಿಲ್ಲ, ವಿಂಡೋಸ್ ಸಾಕು. ಟಾಸ್ಕ್‌ಬಾರ್‌ಗೆ ಸೇರಿಸಿದ ತಂತ್ರಾಂಶಗಳು ಸಾಲಾಗಿ ಕುಳಿತಿರುತ್ತವೆ. ವಿಂಡೋಸ್ ಕೀಲಿಯ ಜೊತೆ 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು ತೆರೆಯುತ್ತದೆ. ಹೆಚ್ಚು ಬಳಸುವುದನ್ನು ಮೊದಲು ಇಟ್ಟುಕೊಂಡರೆ ಮುಗಿಯಿತು.

ಇನ್ನೂ ಬೇಕಾದರೆ ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಚಿಹ್ನೆಗೆ ಕೀಲಿ ಕೊಡಬಹುದು. ಹಂತಗಳು ಹೀಗಿವೆ.

1. ವಿಂಡೋಸ್ ಕೀಲಿ ಮತ್ತು ಡಿ ಒತ್ತಿ ಡೆಸ್ಕ್‌ಟಾಪ್‌ಗೆ ಬನ್ನಿ.
2. ಬಾಣದ ಕೀಲಿಗಳಿಂದ ಬೇಕಾದ ಚಿಹ್ನೆಗೆ ಹೋಗಿ ಆಲ್ಟ್ ಮತ್ತು ಎಂಟರ್ ಒತ್ತಿ. ಪ್ರಾಪರ್ಟೀಸ್ ತೆರೆಯುತ್ತದೆ.
3. "ಶಾರ್ಟ್‌ಕಟ್ ಕೀ" ಎಂದು ಓದುವವರೆಗೆ ಟ್ಯಾಬ್ ಒತ್ತಿ.
4. ಅಲ್ಲಿ ಒಂದು ಅಕ್ಷರ, ಉದಾಹರಣೆಗೆ ಬಿ, ಒತ್ತಿ. ವಿಂಡೋಸ್ ಅದನ್ನು ಕಂಟ್ರೋಲ್, ಆಲ್ಟ್, ಬಿ ಎಂದು ಮಾಡಿಕೊಳ್ಳುತ್ತದೆ.
5. ಎಂಟರ್ ಒತ್ತಿ.

ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಆರಂಭವಾಗುವುದು ಹಲವರಿಗೆ ಗೊತ್ತು. ಅದು ಕೂಡ ಇದೇ ವ್ಯವಸ್ಥೆಯಿಂದ ನಡೆಯುವುದು. ದಿನವೂ ತೆರೆಯುವ ಒಂದು ಕಡತಕ್ಕೋ ಫೋಲ್ಡರ್‌ಗೋ ಹೀಗೆ ಕೀಲಿ ಬೇಕಾದರೆ ಮೊದಲು ಅದಕ್ಕೊಂದು ಶಾರ್ಟ್‌ಕಟ್ ಚಿಹ್ನೆಯನ್ನು ಡೆಸ್ಕ್‌ಟಾಪ್ ಮೇಲೆ ಮಾಡಿಕೊಳ್ಳಬೇಕು. ಮೂಲ ಕಡತಕ್ಕೆ ನೇರವಾಗಿ ಕೀಲಿ ಕೊಡಲು ಬರುವುದಿಲ್ಲ.

ಒಂದು ಎಚ್ಚರಿಕೆ. ನಮ್ಮಲ್ಲಿ ಅನೇಕರು "ಇಂಗ್ಲಿಷ್ ಇಂಡಿಯಾ" ಕೀಲಿಮಣೆ ವಿನ್ಯಾಸ ಬಳಸುತ್ತಾರೆ. ಅದರಲ್ಲಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ. ವಿಂಡೋಸ್ ಮಟ್ಟಿಗೆ ಬಲಗಡೆಯ ಆಲ್ಟ್ ಎಂದರೆ ಕಂಟ್ರೋಲ್ ಮತ್ತು ಆಲ್ಟ್ ಸೇರಿದ್ದಕ್ಕೆ ಸಮ. ಆದ್ದರಿಂದ ಕಂಟ್ರೋಲ್, ಆಲ್ಟ್, 4 ಅನ್ನು ಬೇರೆ ಕೆಲಸಕ್ಕೆ ಕೊಟ್ಟರೆ ರೂಪಾಯಿ ಚಿಹ್ನೆ ಬರೆಯುವಾಗ ಬೇರೇನೋ ತೆರೆದುಕೊಳ್ಳಬಹುದು. ಕನ್ನಡ ಟೈಪಿಂಗ್‌ಗೆ ಬೇರೆ ವಿನ್ಯಾಸ ಬಳಸುವವರು ಅದಕ್ಕೆ ಬದಲಾಗಿ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ಎರಡನೆಯ ಪ್ರಯೋಗ: ಎನ್‌ವಿಡಿಎಯೊಳಗೆ ನಮ್ಮ ಕೀಲಿ

ಎನ್‌ವಿಡಿಎಯಲ್ಲಿ ಕೆಲಸಗಳು ಬಹಳಷ್ಟಿವೆ, ಎಲ್ಲಕ್ಕೂ ಕೀಲಿ ಕೊಟ್ಟಿಲ್ಲ. ಉದಾಹರಣೆಗೆ, ಅಕ್ಷರದ ಗಾತ್ರವನ್ನು ಓದಿ ಹೇಳುವುದನ್ನು ಆರಂಭಿಸಲು ಮತ್ತು ನಿಲ್ಲಿಸಲು ಒಂದು ಆಜ್ಞೆ ಇದೆ, ಆದರೆ ಅದಕ್ಕೆ ಸಿದ್ಧ ಕೀಲಿ ಇಲ್ಲ. ಕಚೇರಿ ಪತ್ರ ಸಿದ್ಧಪಡಿಸುವವರಿಗೆ ತಲೆಬರಹ ಎಷ್ಟು ದೊಡ್ಡದು ಎಂದು ನೋಡುವಾಗ ಇದು ಬೇಕು. ಓದುವಾಗ ಬೇಡ. ಪ್ರತಿ ಸಲ ಸೆಟ್ಟಿಂಗ್ಸ್ ತೆರೆದು ಬದಲಿಸುವುದು ಬೇಸರದ ಕೆಲಸ. ಅದಕ್ಕೊಂದು ಕೀಲಿ ಕೊಡೋಣ.

1. ಎನ್‌ವಿಡಿಎ ಕೀಲಿ ಮತ್ತು ಎನ್ ಒತ್ತಿ. ಮೆನು ತೆರೆಯುತ್ತದೆ.
2. ಪ್ರಿಫರೆನ್ಸಸ್ ಒಳಗೆ ಇನ್‌ಪುಟ್ ಜೆಸ್ಚರ್ಸ್‌ಗೆ ಹೋಗಿ.
3. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ "ಫಾಂಟ್ ಸೈಜ್" ಎಂದು ಬರೆಯಿರಿ. ನಿಮ್ಮ ಎನ್‌ವಿಡಿಎ ಬೇರೆ ಭಾಷೆಯಲ್ಲಿದ್ದರೆ ಆ ಭಾಷೆಯ ಪದ ಬರೆಯಬೇಕು.
4. ಟ್ಯಾಬ್ ಒತ್ತಿ ಪಟ್ಟಿಗೆ ಬಂದು ಬೇಕಾದ ಆಜ್ಞೆಯ ಮೇಲೆ ನಿಲ್ಲಿ.
5. ಆಡ್ ಬಟನ್ ಒತ್ತಿ, ನಿಮಗೆ ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿ. ಉದಾಹರಣೆಗೆ ಎನ್‌ವಿಡಿಎ, ಆಲ್ಟ್, ಝಡ್.
6. ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್ ವಿನ್ಯಾಸಕ್ಕೆ ಮಾತ್ರವೇ, ಎಲ್ಲದಕ್ಕೂ ಬೇಕೇ ಎಂದು ಕೇಳಿದರೆ ಆರಿಸಿ.
7. ಓಕೆ ಒತ್ತಿ. ಓಕೆ ಒತ್ತದೆ ಹೊರಬಂದರೆ ಬದಲಾವಣೆ ಉಳಿಯುವುದಿಲ್ಲ.

ಬೇಡವೆನಿಸಿದರೆ ಅಲ್ಲೇ ರಿಮೂವ್ ಬಟನ್ ಇದೆ. ಎಲ್ಲವೂ ಗೋಜಲಾಯಿತು ಎನಿಸಿದರೆ ಮೊದಲಿನ ಸ್ಥಿತಿಗೆ ತರುವ ಬಟನ್ ಕೂಡ ಇದೆ. ಹಾಗಾಗಿ ಪ್ರಯೋಗ ಮಾಡಲು ಹೆದರಬೇಕಿಲ್ಲ.

ಇದೇ ಪೆಟ್ಟಿಗೆಯಲ್ಲಿ ಇನ್ನೊಂದು ಸೌಲಭ್ಯವಿದೆ. ಒಂದು ಕೀಲಿಯನ್ನು ಒತ್ತಿದರೆ ಇನ್ನೊಂದು ಕೀಲಿ ಒತ್ತಿದಂತೆ ಮಾಡಬಹುದು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್, ಎಂಡ್‌ನಂತಹ ಕೀಲಿಗಳಿಗೆ ಎಫ್‌ಎನ್ ಹಿಡಿಯಬೇಕಾಗಿದ್ದರೆ, ಒಂದು ಕೀಲಿಯೇ ಕೆಟ್ಟುಹೋಗಿದ್ದರೆ, ಅಥವಾ ಒಂದು ಕೈಯಲ್ಲೇ ಟೈಪ್ ಮಾಡುವವರಾಗಿದ್ದರೆ ಇದು ನೆರವಾಗುತ್ತದೆ.

ಕೆಲಸಕ್ಕೆ ತಕ್ಕಂತೆ ಧ್ವನಿಯ ವೇಗ, ಭಾಷೆ, ಓದುವ ರೀತಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾದರೆ ಕಾನ್ಫಿಗರೇಶನ್ ಪ್ರೊಫೈಲ್ ಮಾಡಿಕೊಳ್ಳಬಹುದು. ಎನ್‌ವಿಡಿಎ, ಕಂಟ್ರೋಲ್, ಪಿ ಒತ್ತಿದರೆ ಆ ಪೆಟ್ಟಿಗೆ ತೆರೆಯುತ್ತದೆ. ಕನ್ನಡ ಓದಲು ಒಂದು, ಇಂಗ್ಲಿಷ್ ಕರಡು ತಿದ್ದಲು ಇನ್ನೊಂದು ಪ್ರೊಫೈಲ್ ಇಟ್ಟುಕೊಂಡು, ಒಂದೊಂದಕ್ಕೂ ಇನ್‌ಪುಟ್ ಜೆಸ್ಚರ್ಸ್‌ನಲ್ಲಿ ಕೀಲಿ ಕೊಟ್ಟರೆ ಐದಾರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ.

ವರ್ಡ್ ಒಳಗಿನ ಕೆಲಸಗಳಿಗೆ ವರ್ಡ್‌ನಲ್ಲೇ ಕೀಲಿ ಕೊಡಬಹುದು. ಫೈಲ್ ಮೆನುವಿನ ಆಪ್ಶನ್ಸ್‌ನಲ್ಲಿ ಕಸ್ಟಮೈಸ್ ರಿಬ್ಬನ್ ಎಂಬಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳ ಬಟನ್ ಇದೆ. ನೀವು ಆರಿಸಿದ ಕೀಲಿ ಈಗಾಗಲೇ ಯಾವ ಕೆಲಸಕ್ಕಿದೆ ಎಂಬುದನ್ನೂ ಅದು ತಿಳಿಸುತ್ತದೆ.

ಹೆಚ್ಚು ಶಾರ್ಟ್‌ಕಟ್ ಇದ್ದಷ್ಟೂ ಒಳ್ಳೆಯದೇ?

ಇಲ್ಲ. ಇದೂ ಒಂದು ತಪ್ಪು ಕಲ್ಪನೆ. ನೆನಪಿಗೆ ಬಾರದ ಶಾರ್ಟ್‌ಕಟ್ ಇಲ್ಲದ್ದಕ್ಕೆ ಸಮ. ಮೂವತ್ತು ಕೀಲಿಗಳನ್ನು ಒಂದೇ ದಿನ ಜೋಡಿಸಿ ಮರುದಿನ ಯಾವುದು ಯಾವುದಕ್ಕೆ ಎಂದು ತಡಕಾಡುವುದಕ್ಕಿಂತ ಮೂರನ್ನು ಮಾಡಿ ಬೆರಳಿಗೆ ರೂಢಿಯಾಗುವವರೆಗೆ ಬಳಸುವುದು ಮೇಲು. ಆರಿಸುವಾಗ ಕೆಲವು ಸಂಗತಿ ನೆನಪಿಡಿ.

ಮೊದಲನೆಯದು, ಒಂದು ವಾರ ನಿಮ್ಮ ಕೆಲಸವನ್ನು ನೀವೇ ಗಮನಿಸಿ. ಯಾವುದಕ್ಕೆ ದಿನವೂ ಹತ್ತಾರು ಸಲ ಟ್ಯಾಬ್ ಒತ್ತುತ್ತಿದ್ದೀರಿ? ಅದಕ್ಕೆ ಮೊದಲು ಕೀಲಿ ಕೊಡಿ. ತಿಂಗಳಿಗೊಮ್ಮೆ ಮಾಡುವ ಕೆಲಸಕ್ಕೆ ಮೆನು ಸಾಕು.

ಎರಡನೆಯದು, ಒಂದು ಕ್ರಮ ಇರಲಿ. ತಂತ್ರಾಂಶ ತೆರೆಯುವುದಕ್ಕೆಲ್ಲ ಕಂಟ್ರೋಲ್ ಮತ್ತು ಆಲ್ಟ್, ಓದುವ ರೀತಿ ಬದಲಿಸುವುದಕ್ಕೆಲ್ಲ ಎನ್‌ವಿಡಿಎ ಮತ್ತು ಆಲ್ಟ್ ಎಂದು ಇಟ್ಟುಕೊಂಡರೆ ನೆನಪಿನ ಹೊರೆ ಅರ್ಧ ಇಳಿಯುತ್ತದೆ.

ಮೂರನೆಯದು, ಎಲ್ಲರಿಗೂ ರೂಢಿಯಾದ ಕೀಲಿಗಳಿಗೆ ಕೈ ಹಾಕಬೇಡಿ. ನಕಲಿಸಲು ಕಂಟ್ರೋಲ್ ಸಿ, ಮುಚ್ಚಲು ಆಲ್ಟ್ ಎಫ್4, ಕಂಪ್ಯೂಟರ್ ಬೀಗ ಹಾಕಲು ವಿಂಡೋಸ್ ಎಲ್ ಇವೆಲ್ಲ ಇದ್ದಂತೆ ಇರಲಿ. ಕಂಟ್ರೋಲ್, ಆಲ್ಟ್, ಡಿಲೀಟ್ ಅನ್ನು ಸುರಕ್ಷತೆಯ ಕಾರಣಕ್ಕೆ ವಿಂಡೋಸ್ ತನ್ನ ಬಳಿಯೇ ಇಟ್ಟುಕೊಂಡಿದೆ, ಬೇರೆ ತಂತ್ರಾಂಶ ಅದನ್ನು ಹಿಡಿಯಲಾರದು.

ನಾಲ್ಕನೆಯದು, ಕೀಲಿ ಖಾಲಿ ಇದೆಯೇ ಎಂದು ಇನ್‌ಪುಟ್ ಹೆಲ್ಪ್‌ನಲ್ಲಿ ಒತ್ತಿ ನೋಡಿ. ಹೊಸ ಆವೃತ್ತಿ ಬಂದಾಗಲೂ ಒಮ್ಮೆ ನೋಡಿ. ಎನ್‌ವಿಡಿಎ 2024.2ರಲ್ಲಿ ಸ್ಕ್ರೀನ್ ರೀಡರ್‌ನ ಧ್ವನಿಯನ್ನು ಒಂದು ಕಿವಿಗೂ ಉಳಿದ ಸದ್ದನ್ನು ಇನ್ನೊಂದು ಕಿವಿಗೂ ಕಳಿಸುವ ಸೌಲಭ್ಯ ಬಂತು. ಅದಕ್ಕೆ ಎನ್‌ವಿಡಿಎ, ಆಲ್ಟ್, ಎಸ್ ಕೀಲಿ. ನೀವು ಮೊದಲೇ ಆ ಕೀಲಿಯನ್ನು ಬೇರೆಯದಕ್ಕೆ ಕೊಟ್ಟಿದ್ದರೆ ನಿಮ್ಮದೇ ನಡೆಯುತ್ತದೆ, ಆದರೆ ಹೊಸ ಸೌಲಭ್ಯ ನಿಮ್ಮ ಕೈಗೆ ಸಿಗದೆ ಉಳಿಯುತ್ತದೆ.

ಐದನೆಯದು, ಮಾಡಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡಿ. ಎನ್‌ವಿಡಿಎಯ ಟೂಲ್ಸ್ ಮೆನುವಿನಿಂದ ಪೋರ್ಟಬಲ್ ಪ್ರತಿ ಮಾಡಿಕೊಳ್ಳಬಹುದು. ಆಗ ಈಗಿನ ಸೆಟ್ಟಿಂಗ್‌ಗಳನ್ನೂ ನಕಲಿಸು ಎಂದು ಆರಿಸಿದರೆ ನಿಮ್ಮ ಕೀಲಿಗಳೂ ಪೆನ್ ಡ್ರೈವ್‌ನಲ್ಲಿ ಜೊತೆಗೆ ಬರುತ್ತವೆ. ಬೇರೆ ಕಂಪ್ಯೂಟರ್‌ನಲ್ಲಿ ಕುಳಿತಾಗ ಅಲ್ಲಿ ಪೆನ್ ಡ್ರೈವ್ ಬಳಸಲು ಅನುಮತಿ ಇದ್ದರೆ ನಿಮ್ಮ ರೂಢಿಯ ವ್ಯವಸ್ಥೆ ಅಲ್ಲೂ ಸಿಗುತ್ತದೆ. ಅನುಮತಿ ಇಲ್ಲದ ಕಡೆಯೂ ಕೆಲಸ ನಿಲ್ಲಬಾರದಲ್ಲ? ಅದಕ್ಕಾಗಿ ಮೂಲ ಕೀಲಿಗಳನ್ನೂ ಮರೆಯಬೇಡಿ.

ಶಾರ್ಟ್‌ಕಟ್ ಮಾಡಲಾಗದ್ದು

ಎಷ್ಟೇ ಒಳ್ಳೆಯ ಶಾರ್ಟ್‌ಕಟ್ ಇದ್ದರೂ ಇಲ್ಲದ ತಲೆಬರಹಕ್ಕೆ ಜಿಗಿಯಲಾಗದು. ಪುಟ ಮಾಡಿದವರು ತಲೆಬರಹವನ್ನು ತಲೆಬರಹವೆಂದು ಗುರುತಿಸದೆ ಬರೀ ದೊಡ್ಡ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಕಣ್ಣಿಗೆ ಅದು ತಲೆಬರಹ, ಎಚ್ ಕೀಲಿಗೆ ಅಲ್ಲ. ಬಟನ್‌ಗೆ ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್ "ಬಟನ್, ಬಟನ್, ಬಟನ್" ಎನ್ನುತ್ತದೆ. ಅದರಲ್ಲಿ ಹಣ ಕಳಿಸುವುದು ಯಾವುದು, ರದ್ದು ಮಾಡುವುದು ಯಾವುದು? ಕನ್ನಡಕ್ಕೆ ಇನ್ನೊಂದು ತೊಡಕಿದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಅವನ್ನೇ ಓದುತ್ತದೆ, ಕೇಳುವವರಿಗೆ ಒಂದು ಪದವೂ ತಿಳಿಯುವುದಿಲ್ಲ.

ಹೀಗಾಗಿ ಅರ್ಧ ಹೊಣೆ ಜಾಲತಾಣ ಮಾಡುವವರದು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.1ನೇ ಆವೃತ್ತಿ 2018ರಲ್ಲಿ ಬಂತು. ಎಲ್ಲ ಕೆಲಸವೂ ಕೀಲಿಮಣೆಯಿಂದಲೇ ಆಗುವಂತಿರಬೇಕು ಎಂಬುದು ಅದರ ಮೊದಲ ಹಂತದ ನಿಯಮಗಳಲ್ಲೊಂದು. ಜಾಲತಾಣವು ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟಿದ್ದರೆ ಅದನ್ನು ನಿಲ್ಲಿಸಲು ಇಲ್ಲವೇ ಬದಲಿಸಲು ಬಳಕೆದಾರರಿಗೆ ಅವಕಾಶ ಇರಬೇಕು, ಅಥವಾ ಆ ಭಾಗದ ಮೇಲೆ ನಿಂತಾಗ ಮಾತ್ರ ಅದು ಕೆಲಸ ಮಾಡಬೇಕು ಎಂಬುದು ಇನ್ನೊಂದು. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ತೀರ್ಪು ಕೊಟ್ಟಿದೆ.

ಕಣ್ಣಿರುವವರಿಗೆ ಇದರಿಂದ ಏನು?

ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಕಚೇರಿಯಲ್ಲಿ ಸ್ಕ್ರೀನ್ ರೀಡರ್ ಬಳಸುವವರು ಇದ್ದರೆ ಅವರ ಮೌಸ್ ಹಿಡಿದು ಕೆಲಸ ಮುಗಿಸಿಕೊಡುವುದಕ್ಕಿಂತ ಅದೇ ಕೆಲಸಕ್ಕೆ ಕೀಲಿ ಯಾವುದು ಎಂದು ಹುಡುಕಲು ನೆರವಾಗಿ. ಮೊದಲನೆಯದು ಅವತ್ತಿಗೆ ಸಾಲುತ್ತದೆ, ಎರಡನೆಯದು ಮುಂದೆಯೂ ಉಳಿಯುತ್ತದೆ. ದಾರಿ ಹೇಳುವಾಗ "ಅಲ್ಲಿ ಮೇಲೆ ನೀಲಿ ಬಟನ್ ಒತ್ತಿ" ಎನ್ನಬೇಡಿ. "ಉಳಿಸು ಎಂಬ ಬಟನ್" ಎಂದು ಹೆಸರು ಹೇಳಿ. ಕಡತ ಕಳಿಸುವಾಗ ಯೂನಿಕೋಡ್‌ನಲ್ಲಿ ಕಳಿಸಿ, ತಲೆಬರಹಗಳನ್ನು ವರ್ಡ್‌ನ ಹೆಡಿಂಗ್ ಶೈಲಿಯಲ್ಲೇ ಹಾಕಿ. ನಿಮ್ಮ ಜಾಲತಾಣ ಹೇಗಿದೆ ಎಂದು ತಿಳಿಯಬೇಕೇ? ಮೌಸ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಕೀಲಿಮಣೆಯಿಂದಲೇ ಓಡಾಡಿ ನೋಡಿ.

ಇನ್ನು ನೀವೇ ಸ್ಕ್ರೀನ್ ರೀಡರ್ ಬಳಸುವವರಾದರೆ, ಅಥವಾ ದೃಷ್ಟಿ ಕ್ರಮೇಣ ಮಂದವಾಗಿ ಈಗಷ್ಟೇ ಕಲಿಯುತ್ತಿದ್ದರೆ, ಈ ವಾರ ಒಂದೇ ಒಂದು ಕೀಲಿಯಿಂದ ಆರಂಭಿಸಿ. ಅತಿ ಹೆಚ್ಚು ಬೇಸರ ತರಿಸುವ ಕೆಲಸ ಯಾವುದೋ ಅದಕ್ಕೆ. ಅದು ಬೆರಳಿಗೆ ಕುಳಿತ ಮೇಲೆ ಎರಡನೆಯದಕ್ಕೆ ಹೋದರಾಯಿತು.